ಗೆಜ್ಜೆ ಬಿಚ್ಚಿದ ಮೇಲೆ ಇ–ಶ್ರಮ್ ನೋಂದಣಿ

ಮೇ ಕೊನೆಗೆ ಮೇಳಗಳ ತಿರುಗಾಟ ಮುಗಿಯುವ ಪತ್ತನಾಜೆಯಂದು ಗೆಜ್ಜೆ ಬಿಚ್ಚಿ ಮನೆ ಸೇರಿದ ಯಕ್ಷಗಾನ ಕಲಾವಿದರು ಮಾಡಿಸಿಕೊಂಡ ಇ–ಶ್ರಮ್ ಕಾರ್ಡುಗಳನ್ನು ಕಂಡರೆ ನಗುವುದೋ ಅಳುವುದೋ ತಿಳಿಯುವುದಿಲ್ಲ. ಉಡುಪಿಯಲ್ಲಿ ನನ್ನ ಪರಿಚಯದ ಸ್ತ್ರೀವೇಷಧಾರಿಯೊಬ್ಬರ ಕಾರ್ಡಿನಲ್ಲಿ ‘ಕೃಷಿ ಕಾರ್ಮಿಕ’ ಎಂದಿದೆ. ಸೈಬರ್ ಅಂಗಡಿಯ ಹುಡುಗ ಮೊದಲು ಕಂಡದ್ದನ್ನು ಒತ್ತಿದ್ದಾನೆ, ಇವರು ಓದದೆ ಜೇಬಿಗೆ ಹಾಕಿದ್ದಾರೆ.

1975ರಲ್ಲಿ ಶುರುವಾದ ಉಡುಪಿಯ ಯಕ್ಷಗಾನ ಕಲಾರಂಗದಂಥ ಸಂಸ್ಥೆಗಳು ಕಲಾವಿದರ ಕಷ್ಟಕ್ಕೆ ಆಗುತ್ತಿವೆ, ನಿಜ. ಆದರೆ ಅಸಂಘಟಿತ ಕಾರ್ಮಿಕರಿಗಾಗಿ 2021ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ತೆರೆದ ಈ ಇ–ಶ್ರಮ್ ಪಟ್ಟಿಯಲ್ಲಿ ನೀವು ಕೃಷಿ ಕಾರ್ಮಿಕರಾಗಿದ್ದರೆ, ದೇಶದಲ್ಲಿ ಕಲಾವಿದರೆಷ್ಟು ಎಂಬ ಲೆಕ್ಕದಲ್ಲಿ ನೀವಿಲ್ಲ.

ಮೊದಲ ಹೆಜ್ಜೆ: ವಯಸ್ಸು 16ರಿಂದ 59ರೊಳಗಿರಬೇಕು. ಆದಾಯ ತೆರಿಗೆ ಕಟ್ಟುವವರಿಗೆ, ಭವಿಷ್ಯನಿಧಿ ಅಥವಾ ಇಎಸ್‌ಐ (ನೌಕರರ ರಾಜ್ಯ ವಿಮೆ) ಇರುವವರಿಗೆ ಇದು ಅಲ್ಲ.

ಎರಡನೆಯದು: ಆಧಾರ್, ಬ್ಯಾಂಕ್ ಪಾಸ್‌ಬುಕ್, ಆಧಾರ್‌ಗೆ ಜೋಡಿಸಿದ ಮೊಬೈಲ್. ಮೊಬೈಲ್ ಜೋಡಣೆಯಾಗದವರು ಸಾಮಾನ್ಯ ಸೇವಾ ಕೇಂದ್ರಕ್ಕೆ ಹೋಗಿ ಬೆರಳಚ್ಚು ಕೊಡಬಹುದು. ಚೆಂಡೆ ಬಾರಿಸಿ ದಡ್ಡುಗಟ್ಟಿದ ಬೆರಳನ್ನು ಯಂತ್ರ ಒಪ್ಪದಿದ್ದರೆ ಕಣ್ಣಿನ ಪಾಪೆಯ ಗುರುತು ತೆಗೆಯುವಂತೆ ಕೇಳಿ.

ಇನ್ನು ಎಲ್ಲರೂ ಎಡವುವ ಜಾಗ, ಉದ್ಯೋಗದ ಕಾಲಂ. ಇಲ್ಲಿಗೆ ಬರುವಾಗ ಕುರ್ಚಿ ಎಳೆದು ಹುಡುಗನ ಪಕ್ಕದಲ್ಲೇ ಕುಳಿತುಕೊಳ್ಳಿ. ‘ಯಕ್ಷಗಾನ’ ಎಂದು ಹುಡುಕಿ ಸಿಗದಿದ್ದರೆ ‘ಇತರೆ’ ಒತ್ತಲು ಬಿಡಬೇಡಿ. ರಾಷ್ಟ್ರೀಯ ಉದ್ಯೋಗ ವರ್ಗೀಕರಣದಲ್ಲಿ ಸಂಗೀತಗಾರರು, ಗಾಯಕರು 2652ರಲ್ಲಿದ್ದಾರೆ; ಹಾಡುವ ಭಾಗವತರು, ಚೆಂಡೆ–ಮದ್ದಳೆಯವರು ಅಲ್ಲಿ ಸೇರಬೇಕು. ನರ್ತಕರದು 2653, ನಟರದು 2655. ವೇಷ ಕಟ್ಟಿ ರಂಗಕ್ಕೆ ಬರುವ ಮುಮ್ಮೇಳದವರು ಯಾವುದು ಹಾಕಬೇಕು? ನಟ ಎಂದೇ ಹಾಕಿ. ಕುಣಿತ ಎಷ್ಟೇ ಚೆನ್ನಾಗಿರಲಿ, ಅರ್ಥ, ಅಂದರೆ ಪಾತ್ರದ ಮಾತು, ಹೇಳದೆ ವೇಷ ಪೂರ್ತಿಯಾಗುವುದಿಲ್ಲ.

ಮಳೆಗಾಲದಲ್ಲಿ ಹೋಟೆಲಿನಲ್ಲೋ ತೋಟದಲ್ಲೋ ದುಡಿಯುವವರು ಆ ಕೆಲಸವನ್ನು ಎರಡನೇ ಉದ್ಯೋಗವೆಂದು ಬರೆಸಿ. ನೋಂದಣಿ ಮಾಡಿಸುವುದು ಮಳೆಗಾಲದಲ್ಲಾದ್ದರಿಂದ ಹಲವರು ಅದನ್ನೇ ಮೊದಲು ಹೇಳಿಬಿಡುತ್ತಾರೆ.

‘ಸಲ್ಲಿಸು’ ಒತ್ತುವ ಮೊದಲು ಪರದೆಯಲ್ಲಿ ಇರುವುದನ್ನು ಗಟ್ಟಿಯಾಗಿ ಓದಿಸಿ. ಕೊನೆಗೆ 12 ಅಂಕಿಗಳ ಸಂಖ್ಯೆಯಿರುವ ಕಾರ್ಡ್ ಬರುತ್ತದೆ. ನೋಂದಣಿ ಉಚಿತ. ಹೊಳೆಯುವ ಪ್ಲಾಸ್ಟಿಕ್ ಕಾರ್ಡಿಗೆಂದು ದುಡ್ಡು ಕೇಳಿದರೆ ಕೊಡಬೇಡಿ. ಕಾಗದದ ಪ್ರತಿ ಸಾಕು. ಅನುಮಾನವಿದ್ದರೆ 14434ಕ್ಕೆ ಕರೆ ಮಾಡಿ.

ಕಾರ್ಡ್ ಇದ್ದರೆ ವಿಮೆಯೂ ಇದೆ ಎಂದು ಬಣ್ಣ ಹಚ್ಚುವ ಚೌಕಿಯಲ್ಲಿ ಹೇಳುವವರಿದ್ದಾರೆ. ಅದನ್ನು ನಂಬಿ ಕೂರಬೇಡಿ. ರಾತ್ರಿಯಿಡೀ ಆಟ, ಬೆಳಗಿನ ಜಾವ ನಿದ್ದೆಗಣ್ಣಿನಲ್ಲಿ ಬೈಕ್ ಸವಾರಿ ಮಾಡುವ ನಿಮಗೆ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಎಂಬ ಅಪಘಾತ ವಿಮೆ ಬೇಕೇ ಬೇಕು. 18ರಿಂದ 70 ವರ್ಷದವರು ಬ್ಯಾಂಕಿನಲ್ಲಿ ಅರ್ಜಿ ಕೊಟ್ಟರೆ ವರ್ಷಕ್ಕೆ 20 ರೂಪಾಯಿ. ಅಪಘಾತದಲ್ಲಿ ಸಾವಾದರೆ ಮನೆಯವರಿಗೆ 2 ಲಕ್ಷ. ಅದರ ವರ್ಷ ಮುಗಿಯುವುದು ಮೇ 31ಕ್ಕೆ, ಪತ್ತನಾಜೆಯಾಗಿ ವಾರದೊಳಗೆ. ಆ ಹೊತ್ತಿಗೆ ಖಾತೆಯಲ್ಲಿ 20 ರೂಪಾಯಿ ಇದೆಯೇ ನೋಡಿಕೊಳ್ಳಿ.