ರುಬಿಕಾನ್ ದಾರಿಯಲ್ಲಿ ಚರಂಡಿ ಬಿಡಿಸಿದ ಕಥೆ

ಜೀಪ್ ಹತ್ತಿಸುವ ಹುಚ್ಚಿಗೆ ಹೋದವನು ನಾನು. ಕೈಗೆ ಬಂದದ್ದು ಸಲಿಕೆ.

ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಬೆಟ್ಟ ದಾಟಿ ಲೇಕ್ ಟಾಹೋ ಕಡೆ ಇಳಿಯುವ ದಾರಿ ರುಬಿಕಾನ್ ಟ್ರೇಲ್. ಒಳ್ಳೆ ರಸ್ತೆ, ಕಲ್ಲುಬಂಡೆ ಎಲ್ಲ ಸೇರಿ ಸುಮಾರು 22 ಮೈಲಿ. 1953ರಿಂದ ಇಲ್ಲಿ ಪ್ರತಿ ಬೇಸಿಗೆ ಜೀಪರ್ಸ್ ಜಾಂಬೊರಿ ಅನ್ನೋ ಜೀಪಿನವರ ಜಾತ್ರೆ ನಡೆಯುತ್ತಿದೆ. ಜೀಪ್ ಕಂಪನಿ ತನ್ನ ಒಂದು ಮಾಡೆಲ್ಲಿಗೇ ಈ ಹೆಸರು ಇಟ್ಟಿದೆ ಅಂದ್ರೆ ನೋಡಿ. ನಮ್ಮ ಮನೆಯಿಂದ ನಾಲ್ಕು ಗಂಟೆ ಡ್ರೈವ್. ಎರಡು ವರ್ಷ ಸುಮ್ನೆ ಓಡಿಸಿದೆ. ಮೂರನೇ ವರ್ಷ ಗೆಳೆಯನೊಬ್ಬ, "ದಾರಿ ಬರೀ ಸವೆಸ್ತೀಯಲ್ಲ, ಒಂದಿನ ಅದರ ರಿಪೇರಿ ಕೆಲಸಕ್ಕೂ ಬಾ" ಅಂದ. ಹೋಗದೆ ವಿಧಿ ಇರಲಿಲ್ಲ.

ದಾರಿ ಕಟ್ಟುವುದು ಅಂದ್ರೆ ಕಲ್ಲು ಜೋಡಿಸುವುದು ಅಂದುಕೊಂಡಿದ್ದೆ. ಬೆಳಿಗ್ಗೆ ಹೆಲ್ಮೆಟ್, ಗ್ಲೌಸ್ ಕೊಟ್ಟರು, ಪಟ್ಟಿಯಲ್ಲಿ ಸಹಿ ಹಾಕಿಸಿಕೊಂಡರು. ಈ ಸಹಿ ಸುಮ್ನೆ ಅಲ್ಲ. ಆಫ್‌ರೋಡ್ ದಾರಿಗಳಿಗೆ ರಾಜ್ಯ ಕೊಡುವ ಹಣ ಬೇಕಾದರೆ ಕೇಳಿದವರೂ ತಮ್ಮ ಪಾಲು ತೋರಿಸಬೇಕು. ನಾವು ಬೆವರು ಸುರಿಸಿದ ಗಂಟೆಗಳು ಆ ಪಾಲಿನಲ್ಲಿ ಲೆಕ್ಕಕ್ಕೆ ಬರುತ್ತವೆ. ಮಧ್ಯಾಹ್ನ ಊಟ ಮಾಡಿ ಸಹಿ ಹಾಕದೆ ಜಾರಿಕೊಳ್ಳುವವರ ಮೇಲೆ ಆಮೇಲೆ ನನಗೂ ಸಿಟ್ಟು ಬರಲು ಶುರುವಾಯಿತು.

ಕೈಗೆ ಬಂದ ಸಾಮಾನು ಪುಲಾಸ್ಕಿ. ಒಂದು ಕಡೆ ಕೊಡಲಿ, ಇನ್ನೊಂದು ಕಡೆ ಗುದ್ದಲಿ. ಜತೆಗೆ ಮೆಕ್ಲಾಡ್, ಅದು ಹಲ್ಲು ಇರುವ ಅಗಲ ಗುದ್ದಲಿ. ಕಲ್ಲು ಎಬ್ಬಿಸಲು ನಮ್ಮ ಹಾರೆಕೋಲಿನಂಥದ್ದೇ ಕಬ್ಬಿಣದ ಕೋಲು. ಇಬ್ಬರ ನಡುವೆ ಹತ್ತಡಿ ಬಿಡಿ ಅಂದರು. ಗರಗಸದ ಮಿಷನ್ ಮುಟ್ಟುವ ಹಾಗಿಲ್ಲ, ಅದಕ್ಕೆ ಫಾರೆಸ್ಟ್ ಸರ್ವಿಸ್‌ನ ಸರ್ಟಿಫಿಕೇಟ್ ಬೇಕು.

ಕೆಲಸ ಮಾತ್ರ ನೀರಿನದು. ಇಲ್ಲಿ ಬಂಡೆಗೆ ಏನೂ ಆಗುವುದಿಲ್ಲ. ಬಂಡೆ ಇಲ್ಲದ ಕಡೆಯೇ ತೊಂದರೆ. ಗ್ರಾನೈಟ್ ಪುಡಿಯಾಗಿ ಆದ ಮಣ್ಣು, ಮುಷ್ಟಿಯಲ್ಲಿ ಹಿಡಿದರೆ ದಪ್ಪ ಸಕ್ಕರೆ ತರ ಉದುರುತ್ತದೆ. ಹಿಮ ಕರಗಿದ ನೀರು ಚಕ್ರದ ಜಾಡು ಹಿಡಿದು ಇಳಿದರೆ ಎರಡೇ ವರ್ಷದಲ್ಲಿ ದಾರಿ ಹಳ್ಳವಾಗುತ್ತದೆ. ಮಣ್ಣೆಲ್ಲ ಹೋಗಿ ತೊರೆಗೆ ಸೇರುತ್ತದೆ. 2009ರಲ್ಲಿ ನೀರಿನ ಗುಣಮಟ್ಟ ನೋಡುವ ಮಂಡಳಿ ಇದನ್ನು ಸರಿಮಾಡಿ ಎಂದು ಆದೇಶವನ್ನೇ ಹೊರಡಿಸಿತ್ತು. ಮಣ್ಣು, ಗಾಡಿಯ ಎಣ್ಣೆ, ಜತೆಗೆ ಮನುಷ್ಯರ ಹೊಲಸು ನೀರಿಗೆ ಸೇರುತ್ತಿದೆ ಅಂತ. 2004ರಲ್ಲಿ ಈ ದಾರಿಯ ಸ್ಪೈಡರ್ ಲೇಕ್ ಸುತ್ತ ಕ್ಯಾಂಪ್ ಹಾಕುವುದನ್ನೇ ತಡೆಯಬೇಕಾದದ್ದೂ ಇದೇ ಹೊಲಸಿನಿಂದ. ಈಗ ಎಲ್ಲರೂ ಚೀಲದಲ್ಲಿ ಕಟ್ಟಿ ವಾಪಸ್ ತರಬೇಕು. ನಗಬೇಡಿ, ನಾನೂ ತಂದಿದ್ದೇನೆ.

ನೀರನ್ನು ದಾರಿಯಿಂದ ಆಚೆ ಹಾಕಲು ಅಲ್ಲಲ್ಲಿ ತಗ್ಗು ತೆಗೆದು, ಅದರ ಕೆಳಗೆ ಉದ್ದನೆಯ ದಿಬ್ಬ ಏರಿಸುತ್ತಾರೆ. ರೋಲಿಂಗ್ ಡಿಪ್ ಅನ್ನುತ್ತಾರೆ. ದೊಡ್ಡ ತೋಡಾಟ ಮಿಷನ್‌ದು, ತಿದ್ದುವುದು ನಮ್ಮದು. ನನಗೆ ಒಂದು ಜಾಗ ಒಪ್ಪಿಸಿದರು. ನಾನು ಬಲು ಚುರುಕಾಗಿ ದಿಬ್ಬವನ್ನು ಎರಡಡಿಗೆ ಮುಗಿಸಿ ನೆತ್ತಿ ಚೂಪು ಮಾಡಿಬಿಟ್ಟೆ. ನೋಡಲು ಭಾರಿ ಚಂದ. ಮುಂದಿನ ಬೇಸಿಗೆ ಹೋದರೆ ದಿಬ್ಬವೇ ಇಲ್ಲ! ಮುಂದಿನ ಚಕ್ರ ಇಳಿಯುವಾಗ ಹಿಂದಿನದು ಹತ್ತುತ್ತಾ ತಿರುಗಿ ತಿರುಗಿ ನೆತ್ತಿಯನ್ನು ಕೆರೆದು ಹಾಕಿತ್ತು. ನಮ್ಮ ಗುಂಪಿನ ಹಿರಿಯರೊಬ್ಬರು, ಎಪ್ಪತ್ತು ದಾಟಿದವರು, ಬೈಯಲಿಲ್ಲ. ನನ್ನ ಜೀಪನ್ನೇ ತಂದು ಅಲ್ಲಿ ದಾರಿಯುದ್ದಕ್ಕೆ ನಿಲ್ಲಿಸಲು ಹೇಳಿ, ಅದರ ಉದ್ದಕ್ಕೆ ನೆಲದಲ್ಲಿ ಗೆರೆ ಎಳೆದರು. ದಿಬ್ಬ ಇದಕ್ಕಿಂತ ಉದ್ದ ಇರಬೇಕು, ಓಡಿಸುವವನಿಗೆ ದಿಬ್ಬ ಅಂತ ಗೊತ್ತೇ ಆಗಬಾರದು ಅಂದರು. ಆಮೇಲೆ ಬಾಟಲಿಯ ನೀರು ಸುರಿದು ಅದು ಎತ್ತ ಹೋಗುತ್ತದೆ ನೋಡಿದರು. ನನ್ನ ಅಳತೆಯೆಲ್ಲ ಒಂದು ಕಡೆ, ಆ ಅರ್ಧ ಲೀಟರ್ ನೀರು ಒಂದು ಕಡೆ.

ಇನ್ನೊಂದು ಕೆಲಸ ಅಡ್ಡದಾರಿ ಮುಚ್ಚುವುದು. ಕಷ್ಟದ ಕಲ್ಲು ಕಂಡರೆ ಕೆಲವರು ಪಕ್ಕದ ಹುಲ್ಲಿನ ಮೇಲೆ ಸುತ್ತಿ ಹೋಗುತ್ತಾರೆ. ನನ್ನ ಪ್ರಕಾರ ಅಂಥವರು ಮನೆಯಲ್ಲೇ ಇರಬಹುದು. ಅಲ್ಲಿ ಬಂಡೆ ಇಡುವಾಗ ಮೂರನೇ ಒಂದು ಭಾಗವಾದರೂ ನೆಲದೊಳಗೆ ಹೂಳಬೇಕು. ಸುಮ್ನೆ ಮೇಲಿಟ್ಟರೆ ಯಾರೋ ಜೀಪಿನ ವಿಂಚ್, ಅಂದ್ರೆ ಹಗ್ಗ ಸುತ್ತಿ ಎಳೆಯುವ ರಾಟೆ, ಹಾಕಿ ಎಳೆದು ಬಿಸಾಡುತ್ತಾರೆ. ಜಾಡಿನ ಗುರುತೇ ಸಿಗದ ಹಾಗೆ ಒಣ ಕೊಂಬೆ ನೆಟ್ಟು, ಪೈನ್ ಎಲೆ ಹರಡುತ್ತೇವೆ.

ಎರಡನೇ ಸಲ ತಿದ್ದಿದ ಡಿಪ್ಪನ್ನು ವಿಡಿಯೊ ಕಾಲಲ್ಲಿ ಅಪ್ಪನಿಗೆ ತೋರಿಸಿದೆ. ತೀರ್ಥಹಳ್ಳಿ ಹತ್ತಿರ ನಮ್ಮದು ಅಡಿಕೆ ತೋಟ. ಮಳೆಗಾಲಕ್ಕೆ ಮುಂಚೆ ಮನೆದಾರಿಯ ಚರಂಡಿ ಬಿಡಿಸುವಾಗ ನಾನು ಓದುವ ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ.

"ಎಂತ ಮಾರಾಯ, ಚರಂಡಿ ತೋಡಕ್ಕೆ ಅಮೆರಿಕಕ್ಕೆ ಹೋಗಿದ್ದಾ?" ಅಂತ ನಕ್ಕರು. ಆಮೇಲೆ ಫೋನನ್ನು ಕಣ್ಣ ಹತ್ತಿರ ಹಿಡಿದು, "ನೀರು ಹೋಗೋ ಬಾಯಿ ಸಣ್ಣ ಆಯ್ತಲ್ಲೋ. ತರಗೆಲೆ ಸಿಕ್ಕಿ ಕಟ್ತದೆ ಅದು" ಅಂದರು.

ಮುಂದಿನ ಜುಲೈಯಲ್ಲಿ ಹೋಗಿ ನೋಡಿದೆ. ದಿಬ್ಬ ಗಟ್ಟಿಯಾಗಿ ನಿಂತಿತ್ತು. ಬಾಯಿ ಮಾತ್ರ ಪೈನ್ ಎಲೆಯಿಂದ ಮುಚ್ಚಿಹೋಗಿತ್ತು. ಎಲೆ ಎಳೆದು ಹಾಕಿ, ಸಲಿಕೆ ತಗೊಂಡು ಬಾಯಿಯನ್ನು ಎರಡರಷ್ಟು ಅಗಲ ಮಾಡಿದೆ.