ಹಳೇ ಆಲದ ಮರವನ್ನು ದಾಖಲೆಗೆ ಸೇರಿಸಿದ್ದು ಹೀಗೆ

ಅಂಕೋಲಾ ಕಡೆಯ ನಮ್ಮೂರಿನ ಆಲದ ಮರಕ್ಕೆ ವಯಸ್ಸೆಷ್ಟು ಅಂತ ಕೇಳಿದರೆ ಒಬ್ಬರು ಮುನ್ನೂರು ಅನ್ನುತ್ತಾರೆ, ಇನ್ನೊಬ್ಬರು ಐನೂರು. ಗಾಂಧೀಜಿ ಇದರಡಿ ಕೂತಿದ್ದರು ಅನ್ನೋ ಮಾತು ಬೇರೆ. 1934ರಲ್ಲಿ ಅವರು ನಮ್ಮ ಜಿಲ್ಲೆಗೆ ಬಂದಿದ್ದು ನಿಜ. ಆದರೆ ಜನ ಹೇಳೋ ಎಲ್ಲ ಮರದಡಿಯೂ ಕೂತಿದ್ದರೆ ಅವರು ವಾಪಸ್ ಹೋಗೋಕೆ ವರ್ಷ ಹಿಡೀತಿತ್ತು, ಅಲ್ವಾ? ಮರವನ್ನು ಪಂಚಾಯ್ತಿಯ ದಾಖಲೆಗೆ ಸೇರಿಸಬೇಕು ಅಂತಿತ್ತು, ಹಾಗಾಗಿ ಬಾಯಿಮಾತು ಬದಿಗಿಟ್ಟು ಕಾಗದ ಹುಡುಕೋಕೆ ಹೊರಟೆ.

ಮೊದಲು ಪಹಣಿ. ಜಾಗ ಯಾರದ್ದು ಅಂತ ಗೊತ್ತಿಲ್ಲದೆ ಅರ್ಜಿ ಬರೆದರೆ ಸುಮ್ನೆ ಓಡಾಟ. ನಮ್ಮದು ರಸ್ತೆ ಬದಿಯ ಸರ್ಕಾರಿ ಜಾಗ. ಆಮೇಲೆ ಸುತ್ತಲಿನ ಮನೆಗಳಲ್ಲಿ ಹಳೇ ಕ್ರಯಪತ್ರ ಕೇಳಿದೆ. "ಮರಕ್ಕೂ ನಮ್ಮ ಕಾಗದಕ್ಕೂ ಎಂತ ಸಂಬಂಧ ತಮಾ?" ಅಂದರು ಪಕ್ಕದ ಮನೆ ಅಜ್ಜ. ಆದರೂ ಟ್ರಂಕ್ ತೆಗೆದರು. ಅವರಪ್ಪನ ಕಾಲದ ಪತ್ರ, ಮಡಿಕೆಯಲ್ಲೆಲ್ಲ ಹರಿದಿದೆ. ಚಕ್ಕುಬಂದಿಯಲ್ಲಿ, ಅಂದರೆ ಜಾಗದ ನಾಲ್ಕೂ ಗಡಿ ಬರೆಯೋ ಕಡೆ, ಪೂರ್ವಕ್ಕೆ "ದೊಡ್ಡ ಆಲದ ಮರ, ಗಾಡಿ ರಸ್ತೆ" ಅಂತ ಇತ್ತು. ಆಗಲೇ ದೊಡ್ಡ! ವಯಸ್ಸಿನ ಜಗಳಕ್ಕಿಂತ ಈ ಒಂದು ಸಾಲು ಜಾಸ್ತಿ ಕೆಲಸ ಮಾಡಿತು.

ಅಳತೆ ಮಾತ್ರ ತಲೆನೋವು. ನೆಲದಿಂದ 1.37 ಮೀಟರ್ ಎತ್ತರದಲ್ಲಿ ಸುತ್ತಳತೆ ತಗೋಬೇಕು ಅನ್ನೋದು ಪದ್ಧತಿ. ಆದರೆ ಬಿಳಲುಗಳೆಲ್ಲ ಕಾಂಡಕ್ಕೆ ಅಂಟಿ ಬೆಳೆದ ಆಲದಲ್ಲಿ ಟೇಪು ಯಾವುದನ್ನು ಸುತ್ತಬೇಕು? ಆ ಅಳತೆಯಿಂದ ವಯಸ್ಸು ಲೆಕ್ಕ ಹಾಕಿದರೆ ತಪ್ಪೋದೇ ಜಾಸ್ತಿ. ನಾನು ನೆರಳಿನ ಹರವು ಅಳೆದೆ, ನಾಲ್ಕೂ ದಿಕ್ಕಿನಿಂದ ಫೋಟೋ ತೆಗೆದೆ.

ಇದನ್ನೆಲ್ಲ ಪಂಚಾಯ್ತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಗೆ ಕೊಟ್ಟೆ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಅಂಥ ಸಮಿತಿ ಇರಲೇಬೇಕು, ಊರಿನ ಜೀವವೈವಿಧ್ಯ ದಾಖಲಾತಿ ಬರೆಸೋದು ಅವರ ಕೆಲಸ. ಮರ ಅದರಲ್ಲಿ ಸೇರಿತು. ಅದರಿಂದಲೇ ಮರ ಉಳಿಯುತ್ತೆ ಅಂದುಕೊಳ್ಳಬೇಡಿ. ಕಡಿಯೋಕೆ 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಅರಣ್ಯ ಇಲಾಖೆಯ ಅನುಮತಿ ಬೇಕು, ಆಗ ತಕರಾರು ಹಾಕೋಕೆ ಕೈಯಲ್ಲಿ ಒಂದು ದಾಖಲೆ ಇರುತ್ತೆ, ಅಷ್ಟೇ.

ಮರ ಸಾಯೋದು ಕೊಡಲಿಯಿಂದ ಮಾತ್ರ ಅಲ್ಲ. ಬುಡಕ್ಕೆ ಸಿಮೆಂಟ್ ಕಟ್ಟೆ ಕಟ್ಟಿಸಿ ಟೈಲ್ಸ್ ಹಾಕಿಸೋಣ ಅಂತ ನಮ್ಮ ಹುಡುಗರು ಚಂದಾ ಎತ್ತೋಕೆ ಹೊರಟಿದ್ದರು. ಬೇರಿಗೆ ಗಾಳಿ, ನೀರು ಎಲ್ಲಿಂದ ಬರಬೇಕು? ಆ ದುಡ್ಡಲ್ಲಿ ಮರಕ್ಕೆ ಹೊಡೆದಿದ್ದ ಬೋರ್ಡಿನ ಮೊಳೆ ಕೀಳಿಸಿದೆವು. ಉಳಿದಿದ್ದರಲ್ಲಿ ಬಿದಿರು ತಂದು, ಗಂಟು ಒಡೆದು, ಸೀಳಿ, ಒಳಗೆ ಮಣ್ಣು ಗೊಬ್ಬರ ತುಂಬಿ ರಸ್ತೆ ಇಲ್ಲದ ಕಡೆಯ ಎಳೇ ಬಿಳಲಿಗೆ, ಅದು ನೆಲಕ್ಕಿಳಿಯಲಿ ಅಂತ, ಕಟ್ಟಿದೆವು. ಬೇಸಿಗೆಯಲ್ಲಿ ನೀರು ಹನಿಸಬೇಕು. ಒಂದು ಬಿಳಲು ನೆಲ ಮುಟ್ಟಿದೆ, ಇನ್ನೊಂದನ್ನು ಯಾರದ್ದೋ ಆಡು ತಿಂದುಬಿಟ್ಟಿತು.