ಸೇರು ಉರುಳುವ ಫ್ರೇಮ್

ಟಿವಿ ಧಾರಾವಾಹಿಯ ಟೈಟಲ್ ಸಾಂಗ್‌ಗೆ ದೃಶ್ಯ ಕೂರಿಸುವ ಕೆಲಸ ಮೊದಲ ಸಲ ಕೈಗೆ ಬಂದಾಗ ನನಗೆ ಹಬ್ಬ ಅನಿಸಿತ್ತು. ದಿನಾ ಎಪಿಸೋಡ್ ಎಡಿಟ್ ಮಾಡಿ ಬೇಸತ್ತಿದ್ದೆ. ಅತ್ತೆ ಮುಖ, ಸೊಸೆ ಮುಖ, ಮತ್ತೆ ಅತ್ತೆ ಮುಖ. ಇಲ್ಲಿ ಮಾತಿನ ತಾಪತ್ರಯವೇ ಇಲ್ಲ. 40 ಸೆಕೆಂಡಿನ ಹಾಡು, ಎರಡು ದಿನ ಶೂಟ್ ಮಾಡಿದ ಬೇಕಾದಷ್ಟು ಶಾಟ್. ರಾತ್ರಿಯೆಲ್ಲ ಕೂತು ಮುಗಿಸಿಬಿಟ್ಟೆ.

ಮಾಡಿದ್ದು ಇಷ್ಟೇ. ಹಾಡಿನ ವೇವ್‌ಫಾರ್ಮ್, ಅಂದರೆ ಸದ್ದಿನ ಏರಿಳಿತ ತೋರಿಸುವ ಗೆರೆ, ದೊಡ್ಡದು ಮಾಡಿಕೊಂಡು, ಮೃದಂಗದ ಪೆಟ್ಟು ಎದ್ದು ಕಂಡ ಕಡೆಯೆಲ್ಲ ಮಾರ್ಕರ್ ಹಾಕಿದೆ. ಮಾರ್ಕರ್ ಇದ್ದಲ್ಲೆಲ್ಲ ಕಟ್ ಮಾಡಿದೆ. ಬೆಳಿಗ್ಗೆ ನಿರ್ದೇಶಕರು ಬಂದು ಎರಡು ಸಲ ನೋಡಿದರು. ಅವರು ತೀರ್ಥಹಳ್ಳಿ ಕಡೆಯವರು, ಬೈಯುವಾಗಲೂ ಮೆತ್ತಗೆ. "ಎಲ್ಲಾ ಸರಿ ಇದೆ ಮಾರಾಯ, ಆದ್ರೆ ಮಿಕ್ಸಿ ಓಡಿಸಿದ ಹಾಗೆ ಕಾಣ್ತದಲ್ಲ" ಅಂದರು.

ನಿಜ. ಪ್ರತಿ ಪೆಟ್ಟಿಗೂ ಚಿತ್ರ ಬದಲಾದರೆ ನೋಡುವವರಿಗೆ ಐದನೇ ಕಟ್ ಹೊತ್ತಿಗೇ ಮುಂದಿನದು ಯಾವಾಗ ಅಂತ ಗೊತ್ತಾಗಿಬಿಡುತ್ತದೆ. ಆಮೇಲೆ ಕಣ್ಣು ಏನನ್ನೂ ನೋಡುವುದಿಲ್ಲ, ಸುಮ್ನೆ ಎಣಿಸುತ್ತದೆ. ಇನ್ನೊಂದು ವಿಷಯ ಅರ್ಥವಾಗಲು ನನಗೆ ಜಾಸ್ತಿ ಹೊತ್ತು ಬೇಕಾಯಿತು. ಕಟ್‌ಗೆ ತೂಕ ಇಲ್ಲ. ತೂಕ ಇರುವುದು ಶಾಟ್ ಒಳಗೆ ಬೀಳುವ, ತಾಗುವ, ನಿಲ್ಲುವ ವಸ್ತುವಿಗೆ. ತಾಳದ ಪೆಟ್ಟು ಸೇರಬೇಕಾದದ್ದು ಅದಕ್ಕೆ.

ಇದನ್ನು ಕಲಿಸಿದ್ದು ಒಂದು ಸೇರು. ಕಥೆಯಲ್ಲಿ ನಾಯಕಿ ಮದುವೆಯಾಗಿ ಮನೆ ತುಂಬುತ್ತಾಳೆ, ಹೊಸ್ತಿಲಲ್ಲಿ ಅಕ್ಕಿ ತುಂಬಿದ ಸೇರು ಒದ್ದು ಒಳಗೆ ಬರುತ್ತಾಳೆ. ಆ ಶಾಟನ್ನು ಸೆಕೆಂಡಿಗೆ 50 ಫ್ರೇಮ್‌ನಲ್ಲಿ, ಅಂದರೆ 50 ಬಿಡಿ ಚಿತ್ರದ ಲೆಕ್ಕದಲ್ಲಿ ತೆಗೆದಿದ್ದೆವು. ನಾವು ಎಡಿಟ್ ಮಾಡುವ ಟೈಮ್‌ಲೈನ್ ಸೆಕೆಂಡಿಗೆ 25ರದ್ದು, ಹಾಗಾಗಿ ಅರ್ಧ ವೇಗದಲ್ಲಿ ಕಾಣುತ್ತದೆ. ಮೊದಲು ಕ್ಲೋಸಪ್‌ಗೆ ಹೋಗುವ ಕಟ್ಟನ್ನೇ ಪೆಟ್ಟಿನ ಮೇಲೆ ಇಟ್ಟಿದ್ದೆ. ಚಪ್ಪಟೆಯಾಗಿತ್ತು. ಆಮೇಲೆ ಹೆಬ್ಬೆರಳು ಸೇರಿಗೆ ತಾಗುವ ಫ್ರೇಮನ್ನು ತಂದಿಟ್ಟೆ. ಸ್ವಲ್ಪ ಪರವಾಗಿಲ್ಲ, ಆದರೂ ಏನೋ ಅವಸರ. ತಾಗಿದ ಮೇಲೆ ಸೇರು ವಾಲುತ್ತದೆ, ಒಂದು ಕ್ಷಣ ಬೀಳಲೋ ಬೇಡವೋ ಅಂತ ತಡೆಯುತ್ತದೆ, 14 ಫ್ರೇಮ್ ಆದಮೇಲೆ ಅದರ ಅಂಚು ನೆಲಕ್ಕೆ ಬಡಿಯುತ್ತದೆ. ಪೆಟ್ಟನ್ನು ಅಲ್ಲಿಗೆ ತಂದೆ. ಕೂತುಬಿಟ್ಟಿತು! ಕಟ್ ಎಲ್ಲೋ ಮುಂಚೆಯೇ, ತಾಳಕ್ಕೆ ಸಂಬಂಧವಿಲ್ಲದ ಜಾಗದಲ್ಲಿ, ಯಾರಿಗೂ ಕಾಣದ ಹಾಗೆ ಆಗಿಹೋಗಿತ್ತು. ಅಕ್ಕಿ ಕಾಳು ಚೆಲ್ಲಿಕೊಂಡು ಹೋಗುವುದಕ್ಕೆ ಪೂರ್ತಿ ಒಂದು ಆವರ್ತ, ಅಂದರೆ ತಾಳದ ಒಂದು ಸುತ್ತು ಬಿಟ್ಟೆ. ಅಷ್ಟು ಹೊತ್ತು ಬೇರೆ ಕಟ್ ಇಲ್ಲ.

ಇಲ್ಲೊಂದು ಸಣ್ಣ ಕಳ್ಳತನ ಇದೆ. ಅಂಚು ಬಡಿಯುವ ಫ್ರೇಮನ್ನು ಪೆಟ್ಟಿಗೆ ಸರಿಯಾಗಿ ಇಡುವುದಿಲ್ಲ, ಒಂದು ಫ್ರೇಮ್ ಮುಂಚೆ ಇಡುತ್ತೇನೆ. ಚಿತ್ರ ಮೊದಲು, ದನಿ ಆಮೇಲೆ. ಹುಟ್ಟಿದಾಗಿನಿಂದ ನಮ್ಮ ಕಣ್ಣು ಕಿವಿಗೆ ಅದೇ ರೂಢಿ, ಅಲ್ವಾ? ದೂರದಲ್ಲಿ ಅಗಸ ಬಟ್ಟೆ ಒಗೆಯುವುದು ಮೊದಲು ಕಾಣುತ್ತದೆ, ಸದ್ದು ಹಿಂದಿನಿಂದ ಬರುತ್ತದೆ. 25 ಫ್ರೇಮ್ ಲೆಕ್ಕದಲ್ಲಿ ಒಂದು ಫ್ರೇಮ್ ಅಂದರೆ 40 ಮಿಲಿಸೆಕೆಂಡು. ಅಷ್ಟರಲ್ಲಿ ಸದ್ದು ಹೋಗುವುದು ಸುಮಾರು 14 ಮೀಟರ್, ಅಂದರೆ ನಮ್ಮ ಬೀದಿಯ ಆಚೆ ಮನೆಯಷ್ಟು ದೂರ. ಟಿವಿ ಪ್ರಸಾರಕ್ಕೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಕೊಟ್ಟಿರುವ ಅಳತೆಯೂ ಇದನ್ನೇ ಹೇಳುತ್ತದೆ. ದನಿ 45 ಮಿಲಿಸೆಕೆಂಡು ಮುಂಚೆ ಬಂದರೆ ಸಾಕು, ಜನರಿಗೆ ಗೊತ್ತಾಗುತ್ತದೆ. ಹಿಂದೆ ಬಿದ್ದರೆ 125 ತನಕ ಗೊತ್ತಾಗುವುದಿಲ್ಲ. ಹಾಗಾಗಿ ತಪ್ಪುವುದಾದರೆ ಚಿತ್ರ ಮುಂಚೆ ಬರುವ ಹಾಗೆ ತಪ್ಪಬೇಕು.

ಇನ್ನು ತಾಳ. ನಮ್ಮ ಹಾಡು ಮಿಶ್ರಛಾಪಿನಲ್ಲಿತ್ತು. ತಕಿಟ ತಕ ಧಿಮಿ, ಆವರ್ತಕ್ಕೆ ಏಳು ಎಣಿಕೆ. ಯೂಟ್ಯೂಬ್‌ನಲ್ಲಿ ಬೀಟ್‌ಗೆ ಎಡಿಟ್ ಮಾಡುವುದನ್ನು ಕಲಿಸುವವರು ಸಾಮಾನ್ಯವಾಗಿ ನಾಲ್ಕರ ಲೆಕ್ಕವನ್ನೇ ಹೇಳುತ್ತಾರೆ. ಅದನ್ನು ನಂಬಿ ನಾಲ್ಕು ನಾಲ್ಕಾಗಿ ಕತ್ತರಿಸಿಕೊಂಡು ಹೋದರೆ ಎರಡನೇ ಆವರ್ತಕ್ಕೇ ಹಾಡು ಒಂದು ಕಡೆ, ಚಿತ್ರ ಇನ್ನೊಂದು ಕಡೆ. ಮೂರು, ಎರಡು, ಎರಡು ಅಂತ ಬಾಯಲ್ಲಿ ಹೇಳಿಕೊಂಡು, ತೊಡೆ ತಟ್ಟಿಕೊಂಡೇ ಎಡಿಟ್ ಮಾಡಿದೆ. ಪಕ್ಕದ ಮೆಷಿನ್ ಹುಡುಗ ನಕ್ಕಿದ್ದೂ ನಕ್ಕಿದ್ದೇ.

ಸಂಗೀತ ನಿರ್ದೇಶಕರು ಹಾಡನ್ನು ನಿಮಿಷಕ್ಕೆ 240 ಎಣಿಕೆಯಲ್ಲಿ ಕಟ್ಟಿದ್ದರು. ಒಂದು ಎಣಿಕೆಗೆ 6.25 ಫ್ರೇಮ್. ಕಾಲು ಫ್ರೇಮ್ ಅನ್ನುವುದು ನಮ್ಮ ಲೋಕದಲ್ಲಿ ಇಲ್ಲ. ಮೂರು ಎಣಿಕೆ ಆರಾರು ಫ್ರೇಮ್, ನಾಲ್ಕನೆಯದು ಏಳು, ಹೀಗೆ ಹೊಂದಿಸಿಕೊಂಡು ಹೋಗಬೇಕು. ಗ್ರಾಫಿಕ್ಸ್‌ನವರಿಗೆ ಇದನ್ನು ವಿವರಿಸುವಷ್ಟರಲ್ಲಿ ಸಾಕುಬೇಕಾಯಿತು. ಹಾಡಿಗೆ ಒಟ್ಟು 23 ಆವರ್ತ. ವೀಣೆಗೆ 2, ಸಾಹಿತ್ಯಕ್ಕೆ 20, ಕೊನೆಯ ಮುಕ್ತಾಯಕ್ಕೆ 1. ಲೆಕ್ಕ ಹಾಕಿದರೆ 1006 ಫ್ರೇಮ್. ಚಾನೆಲ್ ಕೊಟ್ಟಿದ್ದು 40 ಸೆಕೆಂಡು, ಅಂದರೆ 1000. ಕೊನೆಯ ಪೆಟ್ಟೇ ಹೊರಗೆ ಉಳಿಯುತ್ತಿತ್ತು.

ಅಳುಕುತ್ತಲೇ ಸಂಗೀತ ನಿರ್ದೇಶಕರಿಗೆ ಫೋನ್ ಮಾಡಿದೆ. "ಸರ್, 250 ಮಾಡೋಕಾಗುತ್ತಾ?"

"ಯಾಕಪ್ಪಾ, ಹಾಡು ಓಡಬೇಕಾ ನಿಮಗೆ?"

ಅದೃಷ್ಟಕ್ಕೆ ಆಗಿನ್ನೂ ಟ್ರ್ಯಾಕ್ ಮಾತ್ರ ಹಾಡಿಸಿದ್ದರು, ಮುಖ್ಯ ಗಾಯಕಿಯ ರೆಕಾರ್ಡಿಂಗ್ ಆಗಿರಲಿಲ್ಲ. 250 ಆದರೆ ಎಣಿಕೆಗೆ ಸರಿಯಾಗಿ 6 ಫ್ರೇಮ್, ಆವರ್ತಕ್ಕೆ 42, ಪೂರ್ತಿ ಹಾಡಿಗೆ 966. ಉಳಿದ 34 ಫ್ರೇಮ್‌ನಲ್ಲಿ ನಿಮ್ಮ ವೀಣೆಯ ಕೊನೆ ನಾದ ಪೂರ್ತಿ ಕೇಳಿಸುತ್ತದೆ ಸರ್ ಅಂದೆ. ನಾದದ ಮಾತು ಕೆಲಸ ಮಾಡಿತು. ಸಂಜೆಗೆ ಹೊಸ ಟ್ರ್ಯಾಕ್ ಬಂತು. ಅಂದಿನಿಂದ ಯಾವ ಹಾಡಾದರೂ ಸ್ಟುಡಿಯೋಗೆ ಹೋಗುವ ಮುಂಚೆಯೇ ವೇಗ ಕೇಳಿಕೊಳ್ಳುತ್ತೇನೆ. ನಾಲ್ಕರ ಲೆಕ್ಕದ ಹಾಡಾದರೆ 120 ಬೇಡ, ಬೀಟ್‌ಗೆ ಹನ್ನೆರಡೂವರೆ ಫ್ರೇಮ್ ಆಗುತ್ತದೆ. 125 ಆದರೆ ಹನ್ನೆರಡು. 100 ಆದರೆ ಹದಿನೈದು.

ಪಲ್ಲವಿಯ ಎಡುಪು, ಅಂದರೆ ಹಾಡು ಎತ್ತಿಕೊಳ್ಳುವ ಜಾಗ, ಸಮದ ಮೇಲೆ, ಅಂದರೆ ಆವರ್ತದ ಮೊದಲ ಪೆಟ್ಟಿನ ಮೇಲೆ ಇರಲಿಲ್ಲ. ಮೃದಂಗದ ಪೆಟ್ಟು ಬಿದ್ದು, ಒಂದು ಎಣಿಕೆ ಬಿಟ್ಟು ದನಿ ಏಳುತ್ತದೆ. ಆ ಆರು ಫ್ರೇಮ್ ನನಗೆ ತುಂಬಾ ಇಷ್ಟವಾಯಿತು. ಸಮಕ್ಕೆ ಹೊಸ ಚಿತ್ರ ತಂದರೆ, ಕಣ್ಣು ಅದರಲ್ಲಿ ನೆಲೆ ನಿಲ್ಲುವಷ್ಟರಲ್ಲಿ ಹಾಡು ಶುರುವಾಗುತ್ತದೆ. ಚಿತ್ರವೇ ಬಾಯಿ ತೆರೆದ ಹಾಗೆ.

ಸಾಹಿತ್ಯದಲ್ಲಿ ಒಂದು ಕಡೆ ದೀಪ ಅನ್ನುವ ಮಾತು ಬರುತ್ತಿತ್ತು. ನಾನು ಅಲ್ಲಿಗೇ ದೀಪದ ಶಾಟ್ ಹಾಕಿದ್ದೆ. ಹಾಡು ಬರೆದ ಹಿರಿಯರು ನೋಡಿ, "ದೀಪ ಅಂತ ನಾನೇ ಬರೆದಿದ್ದೀನಲ್ಲಪ್ಪ, ಮತ್ತೆ ನೀನ್ಯಾಕೆ ಹೇಳ್ತೀಯ?" ಅಂದರು. ಅದನ್ನು ತೆಗೆದು, ಗಾಳಿಗೆ ಕೈ ಅಡ್ಡ ಹಿಡಿದ ನಾಯಕಿಯ ಅಂಗೈ ಹಾಕಿದೆ. ಬೆರಳ ಸಂದಿಯಲ್ಲಿ ಬೆಳಕು ಮಾತ್ರ ಕಾಣುತ್ತದೆ.

ಕಲಾವಿದರ ಪಂಚಾಯ್ತಿ ಬೇರೆ. ಹಿರಿಯರೊಬ್ಬರು ತಮ್ಮ ಮುಖ ಜೋರು ಪೆಟ್ಟಿನ ಮೇಲೇ ಬರಬೇಕು ಅಂತ ಮ್ಯಾನೇಜರ್ ಕೈಲಿ ಹೇಳಿಸಿದರು. ಕೊಟ್ಟೆ. ತಾಳಕ್ಕೇನೂ ನಷ್ಟವಾಗಲಿಲ್ಲ.

ಧಾರಾವಾಹಿಯ ಹೆಸರು ಮೂಡುವ ಜಾಗ ಮಾತ್ರ ಎರಡು ದಿನ ತಿಂದಿತು. ಗ್ರಾಫಿಕ್ಸ್ ಹುಡುಗ ಹೆಸರನ್ನು 'ನುಡಿ' ತಂತ್ರಾಂಶದ ಹಳೆ ಫಾಂಟ್‌ನಲ್ಲಿ ಟೈಪ್ ಮಾಡಿ, ಒಂದೊಂದೇ ಅಕ್ಷರ ಬೀಳುವ ಹಾಗೆ ಅನಿಮೇಷನ್ ಹಾಕಿದ್ದ. ಆ ಫಾಂಟ್‌ನಲ್ಲಿ ಒತ್ತು, ಕೊಂಬು, ದೀರ್ಘ ಎಲ್ಲ ಬೇರೆ ಬೇರೆ ತುಂಡು. ಅಕ್ಷರ ಮೊದಲು ಬಂದು ಕೂರುತ್ತದೆ, ಅದರ ಒತ್ತು ಮುಂದಿನ ಪೆಟ್ಟಿಗೆ ತಡವಾಗಿ ಬಂದು ಕೆಳಗೆ ನೇತಾಡುತ್ತದೆ. ಅಷ್ಟು ಹೊತ್ತು ತೆರೆಯ ಮೇಲೆ ಇದ್ದದ್ದು ಬೇರೆಯೇ ಪದ! ಕೊನೆಗೆ ಪ್ರತಿ ಅಕ್ಷರವನ್ನೂ ಒತ್ತಿನ ಸಮೇತ ಒಂದೊಂದು ಲೇಯರ್ ಮಾಡಿಸಿದೆ. ಹೆಸರಿಗೆ ಐದಕ್ಷರ, ತಾಳಕ್ಕೆ ಏಳು ಎಣಿಕೆ. ತಕಿಟಕ್ಕೆ ಮೂರಕ್ಷರ, ತಕಕ್ಕೆ ಎರಡು, ಧಿಮಿಗೆ ಏನೂ ಇಲ್ಲ, ಬರೀ ಹೆಸರು ನಿಂತಿದೆ. ಆಮೇಲೆ 966ನೇ ಫ್ರೇಮ್‌ಗೆ ಕೊನೆಯ ಪೆಟ್ಟು, ಹಿನ್ನೆಲೆ ಕತ್ತಲು, ವೀಣೆ.

ಇಷ್ಟೆಲ್ಲ ಮಾಡಿ ಊರಿಗೆ ಹೋದೆ. ಮೊದಲ ದಿನ ಅಮ್ಮನ ಜೊತೆ ಕೂತು ನೋಡುವ ಆಸೆ. ಹಾಡು ಶುರುವಾಯಿತು, ಅಮ್ಮ ಇಲ್ಲ! ಅಡುಗೆಮನೆಯಲ್ಲಿ ಒಗ್ಗರಣೆ ಸದ್ದು. ಹಾಡು ಕಿವಿಗೆ ಬಿದ್ದ ಮೇಲೆ ಒಲೆ ಆರಿಸಿ, ಸೆರಗಿಗೆ ಕೈ ಒರೆಸಿಕೊಂಡು ಅವರು ಬಂದು ಕೂರುವಷ್ಟರಲ್ಲಿ ಅರ್ಧ ಮುಗಿದಿತ್ತು. ನಾನು ಒಂದು ವಾರ ಒದ್ದಾಡಿದ ವೀಣೆಯ ಭಾಗದ ಚಿತ್ರಗಳನ್ನು ಅವರು ನೋಡಲೇ ಇಲ್ಲ. ದೂರದರ್ಶನದ 'ಮಾಲ್ಗುಡಿ ಡೇಸ್' ಕಾಲದಲ್ಲೂ ಹೀಗೇ ಇದ್ದಿರಬೇಕು. ಎಲ್. ವೈದ್ಯನಾಥನ್ ಸಂಗೀತದ ಆ ತಾನನ ಯಾರ ಮನೆಯಿಂದ ಕೇಳಿಸಿದರೂ ಟೈಟಲ್‌ನ ಆರ್. ಕೆ. ಲಕ್ಷ್ಮಣ್ ಗೆರೆಗಳು ತಾವಾಗಿ ಕಣ್ಣಿಗೆ ಬರುತ್ತವೆ. ಹಾಡು ಕರೆಯುತ್ತದೆ, ಚಿತ್ರ ಕಾಯುತ್ತದೆ. ಈಗ ನಾನು ಮುಖ್ಯವಾದ ಶಾಟನ್ನು ಮೊದಲ ಐದು ಸೆಕೆಂಡಿನಲ್ಲಿ ಇಡುವುದೇ ಇಲ್ಲ.

ಮೂರು ತಿಂಗಳಿಗೆ ಟೈಟಲ್ 10 ಸೆಕೆಂಡಿಗೆ ಇಳಿಸಿ ಅಂತ ಬಂತು. ಕಷ್ಟವಾಗಲಿಲ್ಲ. ಪಲ್ಲವಿಯ ಮೊದಲ ಸಾಲು 4 ಆವರ್ತ, ಮುಕ್ತಾಯ 1, ನಾದಕ್ಕೆ ಅದೇ 34 ಫ್ರೇಮ್. ಒಟ್ಟು 244, ಇನ್ನೂ ಆರು ಫ್ರೇಮ್ ಮಿಕ್ಕಿತು. ಸೇರಿನ ಶಾಟ್ ಉಳಿಸಿಕೊಂಡೆ. ಆ ವಾರ ಅಮ್ಮ ಫೋನ್ ಮಾಡಿ, "ಏನೋ ಇದು, ಒಲೆ ಆರಿಸೋಷ್ಟ್ರಲ್ಲಿ ಹಾಡೇ ಮುಗಿದು ಹೋಗತ್ತೆ!" ಅಂದರು.